ಇದಕ್ಕೆ ಹೆಸರಿದೆಯಾ?

ಫೆಬ್ರವರಿ ೧೬, ಭಾನುವಾರ

ಗಿಣೀ,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೈದರೂ ಸರಿಯೇ, ಬೈಸಿಕೊಳ್ಳುವುದಕ್ಕಾದರೂ ಒಂದು ಕಡೆ ಕೂರಬೇಕಲ್ಲ, ಆ ನೆಪದಲ್ಲಿ ಕೂತ ಹಾಗಾಯಿತು. "ಬದುಕಿದ್ದೀಯೋ, ಇಲ್ಲಾ ನಿನ್ನ ಕೋಳಿಗಳೇ ನಿನ್ನ ಕುಕ್ಕಿ ಮುಗಿಸಿದ್ವೋ" ಅಂತ ಕೇಳಿದ್ದೀಯ. ಬದುಕಿದ್ದೇನೆ. ಮುಗಿಸುವ ಕೆಲಸ ಇನ್ನೂ ನಡೆಯುತ್ತಿದೆ.

ನೀನು ಅಜ್ಜಿಯಾದ ಸುದ್ದಿ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಮರ ಹತ್ತಿ ಕೂತು ಮೇಷ್ಟ್ರಿಗೆ ಶಿಳ್ಳೆ ಹಾಕುತ್ತಿದ್ದವಳಿಗೆ ಮೊಮ್ಮಗಳು! ಕೂಸಿಗೆ ನಿನ್ನ ಬಾಯಿ ಬರಲಿ, ಬುದ್ಧಿ ಮಾತ್ರ ಅದರಮ್ಮನದೇ ಬರಲಿ. ಬಾಣಂತಿಗೆ ಅಂತ ಮೊಟ್ಟೆ ಕಳಿಸುತ್ತಿದ್ದೇನೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಈ ಕಾಗದದ ಜೊತೆಗೇ. ತವುಡಿನಲ್ಲಿ ಹೂತಿಟ್ಟಿದ್ದೇನೆ, ಕೈ ಹಾಕಿ ಮೆಲ್ಲಗೆ ತೆಗೆ. ಹೋದ ಸಲ ಡಬ್ಬಿಯನ್ನೇ ಬೋರಲು ಹಾಕಿ ಅರ್ಧ ಒಡೆದುಕೊಂಡು, ಆಮೇಲೆ ನನ್ನ ಕೋಳಿಗಳ ಮೊಟ್ಟೆ ಸಿಪ್ಪೆ ತೆಳ್ಳಗಿದೆ ಅಂತ ದೂರು ಹೇಳಿದವಳು ನೀನು.

ಇಲ್ಲಿಯ ಸಮಾಚಾರವೆಂದರೆ ಹಿಕ್ಕೆಯ ಸಮಾಚಾರ. ಬೆಳಕು ಹರಿಯುತ್ತಲೇ ಕೋಳಿಗೂಡಿನ ಬಾಗಿಲು ತೆಗೆಯಬೇಕು, ಇಲ್ಲದಿದ್ದರೆ ಒಳಗೇ ಒಂದನ್ನೊಂದು ಕುಕ್ಕಿ ರಕ್ತ ಮಾಡಿಕೊಳ್ಳುತ್ತವೆ. ಆಮೇಲೆ ನೀರಿನ ತಟ್ಟೆಗಳು. ಕೋಳಿಯಷ್ಟು ಕೃತಘ್ನ ಜೀವ ಇನ್ನೊಂದಿಲ್ಲ ಕಣೇ. ಈಗಷ್ಟೇ ತೊಳೆದು ತುಂಬಿಸಿಟ್ಟ ನೀರಿನಲ್ಲಿ ಕಾಲಿಟ್ಟು ನಿಂತು, ನನ್ನ ಮುಖವನ್ನೇ ನೋಡುತ್ತಾ ಅದರಲ್ಲೇ ಹಾಕುತ್ತದೆ. ಮೊಲ ಮೇಲು, ಸದ್ದಿಲ್ಲ, ಜಗಳವಿಲ್ಲ. ಆದರೆ ಪ್ರತಿ ಗೂಡಿನ ಕೆಳಗಿನ ತಗಡನ್ನು ದಿನಾ ಎಳೆದು ಕೆರೆಯಬೇಕು, ಬಗ್ಗಿ ಕೆರೆಯಬೇಕು. ನನ್ನ ಮೊಣಕಾಲು ಈಗ ಬಗ್ಗುವಾಗ ಒಂದು ಸದ್ದು, ಏಳುವಾಗ ಇನ್ನೊಂದು ಸದ್ದು ಮಾಡುತ್ತದೆ. ಸ್ನಾನ ಮಾಡಿ ಬಂದರೂ ಮೈಯಿಂದ ಮೊಲದ ಗೂಡಿನ ವಾಸನೆ ಹೋಗುವುದಿಲ್ಲ. ಸೊಸೆ ಪಾಪ ಏನೂ ಅನ್ನುವುದಿಲ್ಲ, ಸುಮ್ಮನೆ ಎದ್ದು ಕಿಟಕಿ ತೆಗೆಯುತ್ತಾಳೆ.

ಕಾಗದದ ಕೊನೆಯಲ್ಲಿ ಕೇಳಿದ್ದೀಯಲ್ಲ, "ಅಣ್ಣ ಫೋನಲ್ಲಿ ಹೂಂ ಅಂತಾನೆ, ಉಹೂಂ ಅಂತಾನೆ, ಅಷ್ಟೆ. ನನ್ನ ಮೇಲೇನಾದ್ರೂ ಕೋಪಾನಾ?" ಅಂತ. ಕೋಪವಲ್ಲ ಕಣೇ, ಮರೆವು. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ನೀನು ನನಗೆ ಮೊದಲು ಗೆಳತಿ, ಆಮೇಲೆ ನಾದಿನಿ, ಅಂದುಕೊಂಡೇ ಬರೆಯುತ್ತೇನೆ. ಆದರೂ ಅವರು ನಿನ್ನ ಅಣ್ಣ ಅನ್ನುವುದು ಪ್ರತಿ ಸಾಲಿಗೂ ನೆನಪಾಗಿ ಕೈ ನಿಲ್ಲುತ್ತಿದೆ.

ಶುರುವಾದದ್ದು ಸಣ್ಣಸಣ್ಣದರಲ್ಲಿ. ಕೋಳಿಗೆ ಕಾಳು ಹಾಕಿ ಬಂದು ಕೈ ತೊಳೆದು, ಮತ್ತೆ ಡಬ್ಬಿ ತೆಗೆದುಕೊಂಡು ಹೋಗುವುದು. ಹೊಟ್ಟೆಬಾಕ ಕೋಳಿಗಳು ಬಾಯಿಬಿಟ್ಟು ಹೇಳುತ್ತವೆಯೇ, ಆಗಲೇ ತಿಂದಾಯಿತು ಅಂತ? ಗೂಡಿನ ಚಿಲಕ ಹಾಕದೆ ಬರುವುದು. ನಾನು, ಮಗ, ಸೊಸೆ ಮೂರೂ ಜನ ಸಂಜೆಯಿಡೀ ಹೂವಿನ ಕುಂಡಗಳ ಹಿಂದೆ ಮೊಲ ಹುಡುಕುತ್ತಿದ್ದರೆ, "ಯಾರು ಬಾಗಿಲು ತೆಗೆದದ್ದು, ಒಬ್ರಿಗಾದ್ರೂ ಜವಾಬ್ದಾರಿ ಬೇಡ್ವಾ?" ಅಂತ ನಮಗೇ ದಬಾಯಿಸುವುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ಇವರನ್ನು ನೋಡಿಯೇ ಮಾಡಿದ್ದು ಅಂತ ನಗಾಡಿಕೊಂಡು ಸುಮ್ಮನಿದ್ದೆ. ಮರೆವು ಯಾರಿಗಿಲ್ಲ ಹೇಳು?

ನಮ್ಮ ಮನೆಯ ಕಾನೂನು ನಿನಗೆ ಗೊತ್ತೇ ಇದೆ. ಮಗ ಚಿಕ್ಕವನಿದ್ದಾಗ ಒಂದು ಕುಂಟ ಹುಂಜಕ್ಕೆ ಸೈನಿಕ ಅಂತ ಹೆಸರಿಟ್ಟಿದ್ದ. ಅದನ್ನು ಕೊಯ್ದ ದಿನ ಊಟ ಬಿಟ್ಟು ಜ್ವರ ಬರಿಸಿಕೊಂಡ. ಅವತ್ತೇ ನಿನ್ನಣ್ಣ ಹೇಳಿದರು, "ಇನ್ಮೇಲೆ ಹೆಸರಿರೋದಕ್ಕೆ ನಾನು ಚಾಕು ತೋರ್ಸಲ್ಲ." ಅಂದಿನಿಂದ ಅದೇ ಪದ್ಧತಿ. ಕೋಳಿಯೋ ಮೊಲವೋ, ಹಿಡಿದ ಮೇಲೆ ಶೆಡ್ಡಿನ ಹಿಂದಕ್ಕೆ ಒಯ್ಯುವ ಮುಂಚೆ ಅಡುಗೆಮನೆಯ ಕಿಟಕಿಗೆ ಬಂದು ಎತ್ತಿ ತೋರಿಸಿ ಕೇಳಬೇಕು, "ಇದಕ್ಕೆ ಹೆಸರಿದ್ಯಾ?" ಒಳಗಿನಿಂದ ಯಾರಾದರೂ "ಇಲ್ಲ" ಅಂದರೆ ಮಾತ್ರ ಮುಂದಿನ ಕೆಲಸ. "ಇದೆ" ಅಂದರೆ ಮತ್ತೆ ಗೂಡಿಗೆ. ಒಂದು ಸಲವೂ ಕೇಳದೆ ಚಾಕು ಎತ್ತಿದವರಲ್ಲ. ಕಿಟಕಿಯಲ್ಲಿ ಅವರು ಹಾಗೆ ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತಿತ್ತು. ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ಲೆಕ್ಕದ ಪುಸ್ತಕ ಕೇಳಿಕೊಂಡು ನಾನು ಮೊದಲನೇ ಸಲ ನಿಮ್ಮ ಮನೆಗೆ ಬಂದಾಗ, ನೀನು ಗೂಬೆ ಅಂತ ಕರೆದದ್ದು ಕೇಳಿ, ಬಾಗಿಲಲ್ಲಿ ನಿಂತ ನನ್ನನ್ನು ಬಿಟ್ಟು ನಿನ್ನನ್ನು ಕೇಳಿದ್ದರಲ್ಲ, "ಇವಳಿಗೆ ಹೆಸರಿದ್ಯಾ, ಇಲ್ಲಾ ಬರೀ ಗೂಬೇನಾ?" ಅವತ್ತು ನಾನು ಸಿಟ್ಟಿನಲ್ಲಿ ಪುಸ್ತಕ ಬಿಟ್ಟು ಹೋದದ್ದು, ಅದನ್ನು ಕೊಡುವ ನೆಪದಲ್ಲಿ ಅವರು ನಮ್ಮ ಬೀದಿಗೆ ಬಂದದ್ದು, ಅಲ್ಲಿಂದ ಈ ಹಿಕ್ಕೆ ಬಳಿಯುವವರೆಗಿನ ಕಥೆ ಎಲ್ಲ ನಿನಗೆ ಬಾಯಿಪಾಠ.

ಈಗ ಹೆಸರಿಡುವ ಅಧಿಕಾರ ಮೊಮ್ಮಗಳದು. ಒಂದನೇ ಕ್ಲಾಸು, ಮುಂದಿನ ಎರಡು ಹಲ್ಲಿಲ್ಲ, ದರ್ಬಾರು ಮಾತ್ರ ಇನ್‌ಸ್ಪೆಕ್ಟರದು. ನಾವು ಕರೆಯುವುದೂ ಹಾಗೆಯೇ. ಕತ್ತು ಉದ್ದ ಮಾಡಿ ನಡೆಯುವ ಒಂದು ಕೋಳಿಗೆ ಟೀಚರಮ್ಮ, ಕಾವು ಕೂತರೆ ಏಳದಿರುವ ಇನ್ನೊಂದಕ್ಕೆ ಸೋಫಾ. ಅವಳ ಪ್ರಾಣ ಮಾತ್ರ ಒಂದು ಬೂದು ಮೊಲದ ಮೇಲಿತ್ತು. ಮೂರು ಕಾಲು ಬೂದು, ಮುಂದಿನ ಒಂದು ಪಾದ ಮಾತ್ರ ಬೆಳ್ಳಗೆ. ಹೆಸರು ಕಾಲುಚೀಲ. ಶಾಲೆಯಿಂದ ಬಂದು ಬ್ಯಾಗು ಬಿಸಾಕಿ ಮೊದಲು ಅದರ ಹತ್ತಿರ ಹೋಗಿ ದಿನದ ವರದಿ ಒಪ್ಪಿಸಿ, ಆಮೇಲೆ ಮನೆಯೊಳಕ್ಕೆ ಬರುತ್ತಿದ್ದಳು.

ಹೋದ ತಿಂಗಳು ಒಂದು ಬೆಳಗ್ಗೆ ನಿನ್ನಣ್ಣ ಕಿಟಕಿಗೆ ಬಂದರು. ಕಂಕುಳಲ್ಲಿ ಕಾಲುಚೀಲ. "ಇದಕ್ಕೆ ಹೆಸರಿದ್ಯಾ?" ನಾನು ಒಲೆಯ ಮುಂದಿದ್ದೆ. ತಿರುಗಿ ಚೆನ್ನಾಗಿ ನೋಡಿಯೇ ಹೇಳಿದೆ, "ಅಯ್ಯೋ, ಅದು ಕಾಲುಚೀಲ ಅಲ್ವಾ, ಬಿಡ್ರೀ. ಬೇಕಿದ್ರೆ ಮೂಲೆ ಗೂಡಿನ ಬಿಳೀದನ್ನ ತಗೊಳ್ಳಿ." "ಹೌದಲ್ಲ, ಸರಿ ಸರಿ," ಅಂದು ಹೊರಟುಹೋದರು. ಸ್ವಲ್ಪ ಹೊತ್ತಿನ ಮೇಲೆ ಮಾಂಸದ ಪಾತ್ರೆ ತಂದು ಕಟ್ಟೆಯ ಮೇಲಿಟ್ಟು, "ಎಳೇದು, ಬೇಗ ಬೇಯುತ್ತೆ" ಅಂದರು. ನಾನು ಮುಚ್ಚಳ ತೆಗೆದು ನೋಡಿದರೆ ಎಲ್ಲ ಮಾಂಸವೂ ಒಂದೇ ತರಹ. ಗೊತ್ತಾಗುವುದಾದರೂ ಹೇಗೆ?

ಗೊತ್ತಾದದ್ದು ಇನ್‌ಸ್ಪೆಕ್ಟರಿಗೆ. ಸಂಜೆ ಬಂದು ಗೂಡು ನೋಡಿದಳು, ಖಾಲಿ. ಶೆಡ್ಡಿನ ಹಿಂದೆ ಹೋದಳು. ಹೂಳುವುದಕ್ಕೆಂದು ಬಕೆಟ್ಟಿನಲ್ಲಿಟ್ಟಿದ್ದ ಪಾದಗಳು ಅಲ್ಲೇ ಇದ್ದವು, ಬಿಳಿಯದು ಮೇಲಕ್ಕೇ ಇತ್ತು. ಅಳಲಿಲ್ಲ ಕಣೇ ಅವಳು. ಬಕೆಟ್ಟು ಎತ್ತಿಕೊಂಡು ಬಂದು ತಾತನ ಮುಂದೆ ಇಟ್ಟಳು. "ಕೇಳ್ಲಿಲ್ವಾ?" ಅಂದಳು. ನಿನ್ನಣ್ಣ ಬಕೆಟ್ಟು ನೋಡಿದರು, ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಯಾರು ಮಾಡಿದ್ದು ಇದನ್ನ?" ಎಂದು ನನ್ನನ್ನು ಕೇಳಿದರು. ನಿಜವಾಗಿ ಕೇಳಿದರು.

ಮನೆಯಲ್ಲಿ ಎಲ್ಲರಿಗೂ ಕನ್ನಡಕದ ಕಥೆ ಹೇಳಿದೆ. ಕಣ್ಣು ಮಂಜಾಗಿದೆ, ಬೆಳ್ಳಗಿನ ಪಾದ ಕಂಡಿಲ್ಲ, ನಾನೂ ಒಲೆಯ ಹತ್ತಿರ ಇದ್ದೆ, ಕೇಳಿದ್ದು ಕೇಳಿಸಲಿಲ್ಲ ಅಂತ. ಮಗ ನಂಬಲಿಲ್ಲ. ಸ್ಕೂಲ್ ವ್ಯಾನು ಓಡಿಸುವವನು, ದಿನವಿಡೀ ಮಕ್ಕಳ ಸುಳ್ಳು ಕೇಳುವವನು, ಅಮ್ಮನ ಸುಳ್ಳು ಅವನಿಗೆ ಯಾವ ಲೆಕ್ಕ? ಸೊಸೆ ಮಗುವನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮೆಲ್ಲಗೆ ಅಂದ, "ಅಮ್ಮಾ, ಇವತ್ತು ಮೊಲ." ಅವನ ಕಣ್ಣು ಮಗು ಹೋದ ಬಾಗಿಲ ಕಡೆ ಇತ್ತು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಏನೇನೋ ಪ್ರಶ್ನೆ ಕೇಳಿ, ಮಾತ್ರೆ ಬರೆದುಕೊಟ್ಟು, "ಇದು ಇಳಿಯೋ ದಾರಿ, ನಿಧಾನವಾಗಿ ಇಳಿಯೋ ಹಾಗೆ ನೋಡ್ಕೊಳ್ಳೋಣ. ಕೈಗೆ ಅಭ್ಯಾಸ ಇರೋ ಕೆಲಸ ಮಾತ್ರ ಬಿಡಿಸ್ಬೇಡಿ" ಅಂದರು. ಮಗ ಹೊರಗೆ ಬಂದು, "ಕೈಗೆ ಅಭ್ಯಾಸ ಇರೋದು ಚಾಕು ಅಲ್ವಾಮ್ಮಾ" ಅಂದ. ಹಿಂಡಿ, ಬೂಸಾ ಮಾರುವ ಅಂಗಡಿಯವನ ಹತ್ತಿರ ಮಾತಾಡಿ ಬಂದ, ಶನಿವಾರ ಲಾರಿ ತಂದು ಕೋಳಿ, ಮೊಲ, ಗೂಡು ಎಲ್ಲ ಒಟ್ಟಿಗೆ ಒಯ್ಯಲಿ ಅಂತ. "ನೀನು ಹೂಂ ಅಂದ್ರೆ ಸಾಕು" ಅಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೂತೆ.

ಚಾಕುವನ್ನು ಮಾತ್ರ ಅವತ್ತೇ ಬಚ್ಚಿಟ್ಟೆ. ಎಲ್ಲಿ ಅಂತ ನಿನಗೂ ಹೇಳುವುದಿಲ್ಲ, ನಿನ್ನ ಬಾಯಿಗೆ ಬೀಗವಿಲ್ಲ. ನಿನ್ನಣ್ಣ ಕೇಳಿದರೆ "ಸಾಣೆ ಹಿಡಿಯೋಕೆ ಕೊಟ್ಟಿದ್ದೀನಿ" ಅನ್ನುತ್ತೇನೆ. "ಇನ್ನೂ ಕೊಟ್ಟಿಲ್ವಾ ಆ ಸೋಮಾರಿ?" ಅಂತ ದಿನಾ ಸಾಣೆಯವನಿಗೆ ಸಹಸ್ರನಾಮ. ಪಾಪ, ಆ ಮನುಷ್ಯ ಮೊನ್ನೆ ಬೀದಿಯಲ್ಲಿ ಸಿಕ್ಕಿ ನಕ್ಕ, ನನಗೆ ಮುಖ ಎತ್ತಿ ನೋಡಲು ನಾಚಿಕೆಯಾಯಿತು.

ಇನ್‌ಸ್ಪೆಕ್ಟರ್ ತಾತನ ಜೊತೆ ಮಾತು ಬಿಟ್ಟಳು. ಟೂ ಅಂದರೆ ಟೂ. ತಾತನಿಗೆ ಯಾಕೆಂದು ಗೊತ್ತಿಲ್ಲ. "ಮಗೂಗೆ ಹುಷಾರಿಲ್ವಾ?" ಅಂತ ನನ್ನನ್ನು ಕೇಳುತ್ತಾರೆ. ಅವಳು ಕಾಲುಚೀಲದ ಖಾಲಿ ಗೂಡಿನ ಮುಂದೆ ಹೋಗಿ ಸುಮ್ಮನೆ ನಿಲ್ಲುತ್ತಾಳೆ. ಇಬ್ಬರ ನಡುವೆ ನಾನು. ಗಿಣೀ, ನಿಜ ಹೇಳಲೇ, ಆ ದಿನಗಳಲ್ಲಿ ನನಗೆ ಯಾರೂ ಬೇಡವಾಗಿತ್ತು. ಕೋಳಿ ಬೇಡ, ಮೊಲ ಬೇಡ, ಗಂಡ ಬೇಡ, ಮೊಮ್ಮಗಳು ಬೇಡ. ಒಂದು ಚಾಪೆ, ಒಂದು ಮುಚ್ಚಿದ ಬಾಗಿಲು ಸಿಕ್ಕಿದ್ದರೆ ಸಾಕಿತ್ತು.

ಆಮೇಲೆ ಮೊನ್ನೆ ಗುರುವಾರ ಮಧ್ಯಾಹ್ನ ಒಂದು ಸಂಗತಿ ನಡೆಯಿತು. ಕರಿ ಮೊಲ ಮರಿ ಹಾಕಿತ್ತು, ತನ್ನ ಹಾಲಿಗೆ ಮೀರಿ ಹಾಕಿತ್ತು. ಗಟ್ಟಿ ಮರಿಗಳು ನುಗ್ಗಿ ಕುಡಿಯುತ್ತಿದ್ದವು, ಪುಟ್ಟವು ಮೂಲೆಯಲ್ಲಿ ತಣ್ಣಗಾಗುತ್ತಿದ್ದವು. ನನಗೆ ಏನು ಮಾಡಬೇಕೆಂದು ತೋಚದೆ ನಿಂತಿದ್ದಾಗ ನಿನ್ನಣ್ಣ ಹಿಂದಿನಿಂದ ಬಂದರು. ತಣ್ಣಗಾದ ಮರಿಗಳನ್ನು ಎತ್ತಿ ಅಂಗಿಯೊಳಗೆ ಎದೆಗೆ ಹಾಕಿಕೊಂಡರು. ಪಕ್ಕದ ಗೂಡಿನ ಬಿಳಿ ಮೊಲವೂ ಅದೇ ವಾರ ಮರಿ ಹಾಕಿತ್ತು. ಅದು ಎದೆಯ ತುಪ್ಪಳ ಕಿತ್ತು ಮಾಡಿಕೊಂಡಿದ್ದ ಹಾಸಿಗೆಯಿಂದ ಒಂದು ಹಿಡಿ ತುಪ್ಪಳ ತೆಗೆದು, ಈ ಮರಿಗಳ ಮೈಗೆಲ್ಲ ಮೆಲ್ಲಗೆ ಉಜ್ಜತೊಡಗಿದರು. ಬೆಳಗಿನ ತಿಂಡಿ ನೆನಪಿರದ ಮನುಷ್ಯ, ಒಂದು ಬೆರಳೂ ತಪ್ಪಲಿಲ್ಲ.

ಶೆಡ್ಡಿನ ಬಾಗಿಲ ಹಿಂದಿನಿಂದ ಸಣ್ಣ ಧ್ವನಿ, "ಯಾಕೆ ಉಜ್ಜೋದು?" ಟೂ ಬಿಟ್ಟವಳಿಗೆ ತಡೆಯಲಾಗಲಿಲ್ಲ.

"ಮೊಲಕ್ಕೆ ಮುಖ ಗೊತ್ತಾಗಲ್ಲ ಪುಟ್ಟಾ, ವಾಸನೆ ಗೊತ್ತಾಗುತ್ತೆ," ಅಂದರು ನಿನ್ನಣ್ಣ. "ವಾಸನೆ ತನ್ನದಾದ್ರೆ ಮರೀನೂ ತನ್ನದೇ ಅಂದ್ಕೊಂಡು ಹಾಲು ಕೊಡುತ್ತೆ. ಬಾ, ನೀನೂ ಉಜ್ಜು. ಗಟ್ಟಿಯಾಗಿ ಹಿಡೀಬೇಡ."

ಅವಳು ಬಂದು ಪಕ್ಕದಲ್ಲಿ ಕೂತಳು. ಒಂದು ಮರಿಗೆ ಉಜ್ಜಿ ಮುಗಿಸಿ, ತಾತನ ಮುಖ ನೋಡಿ, "ಇದಕ್ಕೆ ಹೆಸರಿಡ್ತೀನಿ. ಈಗಲೇ ಇಡ್ತೀನಿ," ಅಂದಳು. ಸವಾಲು ಹಾಕಿದ ಹಾಗೆ ಹೇಳಿದಳು. "ಇಡು, ಅದಕ್ಕೇನಂತೆ," ಅಂದರು ಅವರು.

ಇಟ್ಟಳು ನೋಡು! ಆ ಮರಿಗಳಿಂದ ಶುರುಮಾಡಿ ಇಡೀ ಸಂಸಾರಕ್ಕೆ ಇಟ್ಟಳು. ಗೂಡಿನಿಂದ ಗೂಡಿಗೆ ಹೋಗುತ್ತಾಳೆ, ತಾತ ಹಿಂದೆ ಹಿಂದೆ. "ಇದಕ್ಕೆ ಹೆಸರಿದ್ಯಾ?" ಅಂತ ಅವರು ಕೇಳುತ್ತಾರೆ, ಅವಳು "ಇದೆ" ಅಂತ ಕೂಗಿ ಅಲ್ಲೇ ಹುಟ್ಟಿಸುತ್ತಾಳೆ. ಗುಂಡಿ, ರಬ್ಬರ್, ಜಾರುಬಂಡೆ, ಗುಡುಗು. ಹೆಸರು ಖಾಲಿಯಾದಾಗ ಸೋಮವಾರ, ಮಂಗಳವಾರ ಅಂತ ವಾರ ಪೂರ್ತಿ ಮುಗಿಸಿದಳು. ಒಂದು ಜಗಳಗಂಟ ಹುಂಜಕ್ಕೆ ತನ್ನಪ್ಪನ ಹೆಸರನ್ನೇ ಇಟ್ಟಳು. ಸೊಸೆ ಬೇಕರಿ ಕೆಲಸ ಮುಗಿಸಿ ಬಂದವಳು ಇದನ್ನು ಕೇಳಿ ಬಾಗಿಲಿಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಈ ಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು.

ನಿನ್ನೆ, ಶನಿವಾರ, ಲಾರಿ ಬಂತು. ಹಿಂಡಿ ಅಂಗಡಿಯವನು ಮೊದಲ ಗೂಡಿಗೆ ಕೈ ಹಾಕುತ್ತಲೇ ಇನ್‌ಸ್ಪೆಕ್ಟರ್ ಅಡ್ಡ ನಿಂತಳು. "ಇದಕ್ಕೆ ಹೆಸರಿದೆ." ಎರಡನೆಯದು. "ಇದಕ್ಕೂ ಇದೆ." ಅವನು ನನ್ನ ಮಗನ ಮುಖ ನೋಡಿದ, ಮಗ ನನ್ನ ಮುಖ ನೋಡಿದ. ನಿನ್ನಣ್ಣ ಕಟ್ಟೆಯ ಮೇಲೆ ಕೂತು ಅಂಗಿಯೊಳಗೆ ಒಂದು ಮರಿ ಹಾಕಿಕೊಂಡು, ನಡೆಯುತ್ತಿರುವುದು ತಮಗೆ ಸಂಬಂಧವೇ ಇಲ್ಲದ ಹಾಗೆ ಅದರ ಬೆನ್ನು ಸವರುತ್ತಿದ್ದರು.

ನನ್ನ ಮನಸ್ಸಿನಲ್ಲಿ ಏನಿತ್ತು ಗೊತ್ತಾ? ತುಂಬಿಕೊಂಡು ಹೋಗಲಿ ಅಂತಲೇ ಇತ್ತು. ಆ ಲಾರಿ ತಿರುವಿನಲ್ಲಿ ಮರೆಯಾಗುವುದನ್ನು ನೋಡಿ, ಕಾಲು ಚಾಚಿ ಮಲಗಬೇಕು ಅಂತಿತ್ತು. ಆದರೆ ಆ ಕೈ ನೋಡಿದೆ. ಮರಿಯ ಬೆನ್ನ ಮೇಲಿದ್ದ ಆ ಕೈಗೆ ಇನ್ನೂ ಎಲ್ಲ ಗೊತ್ತಿದೆ ಕಣೇ. ಇದನ್ನೂ ತೆಗೆದುಬಿಟ್ಟರೆ ಆ ಕೈ ಏನು ಹಿಡಿದುಕೊಳ್ಳಬೇಕು? "ಇವತ್ತು ಬೇಡಪ್ಪ, ಹೋಗ್ಬಾ" ಅಂದುಬಿಟ್ಟೆ. ಮಗ ವ್ಯಾನು ತೊಳೆಯುವ ನೆಪ ಮಾಡಿಕೊಂಡು ಆಚೆ ಹೋದ. ಸಂಜೆ ಬಂದು ಎಲ್ಲ ಗೂಡುಗಳಿಗೂ ಹೊಸ ಚಿಲಕ ಹಾಕಿದ, ಶೆಡ್ಡಿಗೆ ಬೀಗ ಹಾಕಿ ಕೀಲಿಕೈ ನನ್ನ ಕೈಗೆ ಕೊಟ್ಟ. ಇನ್ನು ಮೇಲೆ ಮೊಟ್ಟೆ ಮಾರುತ್ತೇವೆ, ಮರಿಗಳನ್ನು ಸಾಕುವವರಿಗೆ ಕೊಡುತ್ತೇವೆ, ಕೊಯ್ಯುವುದಿಲ್ಲ. ಹುಂಜಗಳಿಗೆ ಮುದಿತನದಲ್ಲಿ ಪಿಂಚಣಿ ಕೊಡುವ ಮನೆ ನಮ್ಮದೊಂದೇ ಇರಬೇಕು.

ನೀನು ಹೆದರಬೇಡ. ಮನೆಯವರನ್ನು ಯಾರನ್ನೂ ಮರೆತಿಲ್ಲ, ಎಲ್ಲರನ್ನೂ ಚೆನ್ನಾಗಿ ಗುರುತು ಹಿಡಿಯುತ್ತಾರೆ. ನಿನ್ನ ಮಾತು ದಿನಾ ಬರುತ್ತದೆ, ನೀನು ಮರದಿಂದ ಬಿದ್ದು ಹಲ್ಲು ಮುರಿದುಕೊಂಡ ಕಥೆ ಇನ್‌ಸ್ಪೆಕ್ಟರಿಗೆ ಎಷ್ಟು ಸಲ ಹೇಳಿದರೂ ಮುಗಿಯದು. ಬಾಣಂತಿಯ ಕೆಲಸ ಒಂದು ಹದಕ್ಕೆ ಬಂದ ಮೇಲೆ ಒಂದು ಸಲ ಬಂದು ಹೋಗು. ಆದಷ್ಟು ಬೇಗ ಬಂದು ಹೋಗು.

ಕೂಸಿಗೆ ನನ್ನ ಎರಡೂ ಕೈಯ ಆಶೀರ್ವಾದ, ತೊಳೆದುಕೊಂಡ ಕೈ, ಭಯಪಡಬೇಡ. ನಿನ್ನ ಮಗಳು ಬೇಗ ಚೇತರಿಸಿಕೊಳ್ಳಲಿ, ನಿನ್ನ ಮನೆಯವರ ಕೆಮ್ಮು ಕಡಿಮೆಯಾಗಲಿ, ನಿನ್ನ ಬಾಯಿ ಹೀಗೇ ನಡೆಯುತ್ತಿರಲಿ. ಮೊಟ್ಟೆ ಡಬ್ಬಿ ತಪ್ಪದೆ ವಾಪಸು ಕಳಿಸು.

ಇಂತಿ ನಿನ್ನ,
ಗೂಬೆ

ತಾ.ಕ.: ಕಾಗದ ಮಡಿಸಿ ಇಟ್ಟಿದ್ದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ನಿನಗೂ ಒಂದು ಸುಳ್ಳು ಬರೆದೆ, ಯಾರನ್ನೂ ಮರೆತಿಲ್ಲ ಅಂತ. ಇವತ್ತು ಬೆಳಗ್ಗೆ ನಾನು ಒಲೆಯ ಮುಂದಿದ್ದಾಗ ನಿನ್ನಣ್ಣ ಅಡುಗೆಮನೆಯ ಕಿಟಕಿಗೆ ಬಂದು ನಿಂತರು. ಕೈಯಲ್ಲಿ ಕೋಳಿಯಿಲ್ಲ, ಮೊಲವಿಲ್ಲ. ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಹೊಸಬರ ಹತ್ತಿರ ಮಾತಾಡುವ ಹಾಗೆ, ಬಹುವಚನ ಹಾಕಿ, ಮರ್ಯಾದೆಯಿಂದ ಕೇಳಿದರು, "ನಿಮಗೆ ಹೆಸರಿದ್ಯಾ?" ನಿನಗೆ ನಾನು ಗೂಬೆ, ಮಗನಿಗೆ ಅಮ್ಮ, ಮಗುವಿಗೆ ಅಜ್ಜಿ, ಇಷ್ಟು ವರ್ಷ ಅವರಿಗೆ "ಏ, ಕೇಳಿಸ್ತಾ". ನನ್ನ ಹೆಸರನ್ನು ನಾನೇ ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಯಿತೋ. ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವರು ತಲೆಯಾಡಿಸಿ ನಕ್ಕರು. "ಇದೆ ಅಲ್ವಾ? ಹಾಗಾದ್ರೆ ಹೆದರ್ಬೇಡಿ," ಅಂದರು. "ನಮ್ಮನೇಲಿ ಹೆಸರಿರೋರಿಗೆ ಏನೂ ಮಾಡಲ್ಲ."